ಒಂದೇ ಗುಡಾರ, ಒಂದೇ ಊಟ: ಏಳು ದಿನಗಳ ಸೈಕಲ್ ಸವಾರಿ ಕಲಿಸುವ ಆರೋಗ್ಯ ಪಾಠ

ಮನೆಯಲ್ಲಿ ಒಬ್ಬರಿಗೆ ಎಚ್‌ಐವಿ ಇದೆ ಎಂದು ತಿಳಿದ ದಿನ ಮೊದಲು ಬೇರೆಯಾಗುವುದು ಅವರ ತಟ್ಟೆ ಮತ್ತು ಲೋಟ. ನಂತರ ಚಾಪೆ, ಬಟ್ಟೆ ಒಗೆಯುವ ಬಕೆಟ್ಟು, ಕೊನೆಗೆ ಶೌಚಾಲಯ. ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಮಾಡುವುದಿಲ್ಲ. ಭಯ ಮಾಡಿಸುತ್ತದೆ. ಅದೇ ಮನೆಯಲ್ಲಿ ಶೌಚಾಲಯದಿಂದ ಬಂದವರು ಕೈಗೆ ಸೋಪು ಹಾಕದೆ ಅನ್ನ ಬಡಿಸಿದರೆ ಮಾತ್ರ ಯಾರಿಗೂ ಭಯವಾಗುವುದಿಲ್ಲ. ಯಾವುದಕ್ಕೆ ಹೆದರಬೇಕೋ ಅದಕ್ಕೆ ಹೆದರದೆ, ಹೆದರಬೇಕಿಲ್ಲದ್ದಕ್ಕೆ ಹೆದರುವುದು ನಮ್ಮ ಹಳೆಯ ಅಭ್ಯಾಸ.

ಇದನ್ನು ಅರ್ಥ ಮಾಡಿಕೊಳ್ಳಲು ಈ ಸಲ ನಾವು ಸ್ವಲ್ಪ ದೂರ ಹೋಗೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆದ ಒಂದು ಸೈಕಲ್ ಸವಾರಿಯ ದಿನಚರಿಯನ್ನು ನೋಡೋಣ. ಅಲ್ಲಿ ಎಚ್‌ಐವಿ ಇರುವವರೂ ಇಲ್ಲದವರೂ ಏಳು ದಿನ ಜೊತೆಯಾಗಿ ಪೆಡಲ್ ತುಳಿದರು, ಒಂದೇ ಗುಡಾರದಲ್ಲಿ ಮಲಗಿದರು, ಒಂದೇ ಸಾಲಿನಲ್ಲಿ ನಿಂತು ಊಟ ಮಾಡಿದರು. ಅಷ್ಟು ಜನರನ್ನು ಆರೋಗ್ಯವಾಗಿ ಇಟ್ಟದ್ದು ಏನು, ಹಾಸಿಗೆಗೆ ಕೆಡವಬಲ್ಲದ್ದು ಏನು ಎಂಬುದರಲ್ಲಿ ನಮಗೂ ಪಾಠವಿದೆ.

ಸವಾರಿಯ ಹಿನ್ನೆಲೆ

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಲಾಸ್ ಏಂಜಲೀಸ್ ನಗರದ ಐವರು ಯುವಕರಲ್ಲಿ ಕಂಡ ಅಪರೂಪದ ನ್ಯುಮೋನಿಯಾದ ಬಗ್ಗೆ ಒಂದು ಚಿಕ್ಕ ವರದಿ ಪ್ರಕಟಿಸಿತು. ಮುಂದೆ ಏಡ್ಸ್ ಎಂದು ಹೆಸರಾದ ರೋಗದ ಮೊದಲ ವೈದ್ಯಕೀಯ ದಾಖಲೆ ಅದೇ. ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರಗಳು ಆ ವರ್ಷಗಳಲ್ಲಿ ಬಹಳ ಸಾವು ಕಂಡವು. ಮದ್ದಿರಲಿಲ್ಲ. ರೋಗಿಯನ್ನು ಮುಟ್ಟಲು ಜನ ಹೆದರುತ್ತಿದ್ದರು.

ಇಂಥ ಕಾಲದಲ್ಲಿ, 1994ರಲ್ಲಿ, ಕ್ಯಾಲಿಫೋರ್ನಿಯಾ ಏಡ್ಸ್ ರೈಡ್ ಎಂಬ ಸವಾರಿ ಶುರುವಾಯಿತು. 2002ರಿಂದ ಅದರ ಜಾಗದಲ್ಲಿ ಏಡ್ಸ್/ಲೈಫ್‌ಸೈಕಲ್ ಎಂಬ ಸವಾರಿ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ಗೆ 545 ಮೈಲಿ, ಅಂದರೆ ಸುಮಾರು 877 ಕಿಲೋಮೀಟರ್. ಮಂಗಳೂರಿನಿಂದ ಮುಂಬೈಗೆ ಹೆಚ್ಚು ಕಡಿಮೆ ಅಷ್ಟೇ ದೂರ. ಇದನ್ನು ಜೂನ್ ತಿಂಗಳಲ್ಲಿ ಏಳು ದಿನಗಳಲ್ಲಿ ಕ್ರಮಿಸಬೇಕು. ಇದು ಪಂದ್ಯವಲ್ಲ, ಮೊದಲು ತಲುಪಿದವರಿಗೆ ಬಹುಮಾನವಿಲ್ಲ. ಪ್ರತಿ ಸವಾರರೂ ಬಂಧುಗಳು, ಸ್ನೇಹಿತರು, ಸಹೋದ್ಯೋಗಿಗಳಿಂದ ಕನಿಷ್ಠ ಮೂರು ಸಾವಿರ ಡಾಲರ್ ದೇಣಿಗೆ ಕೂಡಿಸಿ ತರಬೇಕಿತ್ತು. ಆ ಹಣ ಸ್ಯಾನ್ ಫ್ರಾನ್ಸಿಸ್ಕೊ ಏಡ್ಸ್ ಫೌಂಡೇಶನ್ ಮತ್ತು ಲಾಸ್ ಏಂಜಲೀಸ್ ಎಲ್‌ಜಿಬಿಟಿ ಸೆಂಟರ್ ಎಂಬ ಎರಡು ಸಂಸ್ಥೆಗಳು ನಡೆಸುವ ಎಚ್‌ಐವಿ ಪರೀಕ್ಷೆ, ಚಿಕಿತ್ಸೆ, ಆರೈಕೆಗೆ ಹೋಗುತ್ತಿತ್ತು. ಕೋವಿಡ್‌ನಿಂದಾಗಿ 2020 ಮತ್ತು 2021ರಲ್ಲಿ ಸವಾರಿ ನಡೆಯಲಿಲ್ಲ. 2025ರ ಜೂನ್‌ನಲ್ಲಿ ಕೊನೆಯ ಸವಾರಿ ಮುಗಿಯಿತು. 1994ರಿಂದ ಈ ಎಲ್ಲ ಸವಾರಿಗಳು ಸೇರಿ ಕೂಡಿಸಿದ ಹಣ 30 ಕೋಟಿ ಡಾಲರಿಗೂ ಹೆಚ್ಚು.

ಹೊರಡುವ ಮುನ್ನ ನಡೆಯುತ್ತಿದ್ದ ಸಭೆಯಲ್ಲಿ ಸವಾರರಿಲ್ಲದ ಒಂದು ಸೈಕಲನ್ನು ಕೈಯಲ್ಲೇ ತಳ್ಳಿಕೊಂಡು ಬರುತ್ತಿದ್ದರು. ರೋಗದಿಂದ ತೀರಿಕೊಂಡವರ ನೆನಪಿಗೆ ಆ ಖಾಲಿ ಸೀಟು.

ಬೆಳಗಿನಿಂದ ರಾತ್ರಿಯವರೆಗೆ

ಒಂದು ವರ್ಷದ ಸವಾರಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸವಾರರು, ಐನೂರಕ್ಕೂ ಹೆಚ್ಚು ಸ್ವಯಂಸೇವಕರು ಇರುತ್ತಿದ್ದರು. ಹೀಗೆ ಒಂದು ಸಣ್ಣ ಊರೇ ಪ್ರತಿದಿನ ಬೆಳಿಗ್ಗೆ ಗಂಟುಮೂಟೆ ಕಟ್ಟಿ ಸಂಜೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಸಾಂಟಾ ಕ್ರೂಜ್, ಕಿಂಗ್ ಸಿಟಿ, ಪಾಸೊ ರೋಬಲ್ಸ್, ಸಾಂಟಾ ಮರಿಯಾ, ಲೊಂಪೋಕ್, ವೆಂಚುರಾ, ಕೊನೆಗೆ ಲಾಸ್ ಏಂಜಲೀಸ್.

ಬೆಳಕು ಹರಿಯುವ ಮೊದಲೇ ಶಿಬಿರ ಏಳುತ್ತಿತ್ತು. ಶೌಚಕ್ಕೆ ಸಾಲು, ನಾಷ್ಟಾಕ್ಕೆ ಸಾಲು. ಮಲಗಿದ್ದ ಗುಡಾರವನ್ನು ತಾವೇ ಬಿಚ್ಚಿ ಮಡಚಿ, ಚೀಲದೊಂದಿಗೆ ಲಾರಿಗೆ ಸೇರಿಸಬೇಕು. ಟಯರಿನ ಗಾಳಿ, ಬ್ರೇಕು, ಚೈನು ನೋಡಿಕೊಂಡು, ಎರಡು ಬಾಟಲಿ ನೀರು ತುಂಬಿಸಿ ಹೊರಡಬೇಕು. ಹೆಲ್ಮೆಟ್ ಕಡ್ಡಾಯ. ಕಿವಿಗೆ ಇಯರ್‌ಫೋನ್ ಸಿಕ್ಕಿಸುವಂತಿಲ್ಲ. ಒಬ್ಬರ ಹಿಂದೆ ಒಬ್ಬರಾಗಿ ಹೋಗಬೇಕು. ಮುಂದಿನವರನ್ನು ದಾಟುವಾಗ ಕೂಗಿ ಹೇಳಬೇಕು. ಗುಂಡಿ, ಗಾಜಿನ ಚೂರು ಕಂಡರೆ ಹಿಂದಿನವರಿಗೆ ಕೈಯಲ್ಲಿ ತೋರಿಸಬೇಕು.

ದಿನಕ್ಕೆ 70ರಿಂದ 170 ಕಿಲೋಮೀಟರಿನವರೆಗೆ ದಾರಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೊರಡುವಾಗ ಜೂನ್ ತಿಂಗಳಲ್ಲೂ ಸಮುದ್ರದ ಮಂಜು, ಮೈ ನಡುಗುವ ಚಳಿ. ಮರುದಿನ ಸಲೀನಾಸ್ ಕಣಿವೆಯ ಸೊಪ್ಪು ಮತ್ತು ಸ್ಟ್ರಾಬೆರಿ ಹೊಲಗಳ ನಡುವೆ ನೆರಳಿಲ್ಲದ ದಾರಿ. ಮೂರನೇ ದಿನ ಕಿಂಗ್ ಸಿಟಿ ಬಿಟ್ಟ ಮೇಲೆ ಬರುವ ಏರಿಗೆ ಸವಾರರು ಇಟ್ಟ ಹೆಸರು ‘ಕ್ವಾಡ್‌ಬಸ್ಟರ್’. ತೊಡೆ ಮುರಿಯುವಂಥದ್ದು ಎಂದು ಅರ್ಥ. ಅದನ್ನು ದಾಟಿದರೆ ಬ್ರ್ಯಾಡ್ಲಿ ಎಂಬ ಪುಟ್ಟ ಊರು. ಅಲ್ಲಿಯ ಜನ ತಮ್ಮ ಶಾಲೆಯ ಮಕ್ಕಳ ಸಹಾಯಕ್ಕಾಗಿ ಸವಾರರಿಗೆ ಬರ್ಗರ್ ಮಾಡಿ ಮಾರುತ್ತಿದ್ದರು. ಒಂದು ಸತ್ಕಾರ್ಯದ ಬೆನ್ನಿಗೆ ಇನ್ನೊಂದು.

ದಾರಿಯಲ್ಲಿ ಅಲ್ಲಲ್ಲಿ ವಿಶ್ರಾಂತಿ ತಾಣಗಳು. ಅಲ್ಲಿ ನೀರು, ಹಣ್ಣು, ತಿಂಡಿ, ತಾತ್ಕಾಲಿಕ ಶೌಚಾಲಯ, ಕೈ ತೊಳೆಯುವ ನಲ್ಲಿ, ಪ್ರಥಮ ಚಿಕಿತ್ಸೆ. ಸುಸ್ತಾದವರನ್ನು ಎತ್ತಿಕೊಳ್ಳಲು ಹಿಂದೆ ಮುಂದೆ ಓಡಾಡುವ ವ್ಯಾನುಗಳು. ವ್ಯಾನು ಹತ್ತಿದರೆ ಅವಮಾನವೇನೂ ಇರಲಿಲ್ಲ. ಸಂಜೆ ಶಿಬಿರದಲ್ಲಿ ಸೈಕಲ್ ನಿಲ್ಲಿಸಿ, ಗುಡಾರ ಕಟ್ಟಿ, ಲಾರಿಗಳಲ್ಲೇ ಮಾಡಿದ ಸ್ನಾನದ ಕೋಣೆಗಳಲ್ಲಿ ಮಿಂದು, ಊಟ ಮಾಡಿ ಬೇಗನೇ ಮಲಗುವುದು. ಒಂದು ಗುಡಾರಕ್ಕೆ ಇಬ್ಬರು. ಆರನೇ ರಾತ್ರಿ ವೆಂಚುರಾದ ಕಡಲ ತೀರದಲ್ಲಿ ಮೇಣದ ಬತ್ತಿ ಹಿಡಿದು ಮೌನವಾಗಿ ನಿಂತು, ಅಗಲಿದವರನ್ನು ನೆನೆಯುತ್ತಿದ್ದರು.

ಕೇಳಲು ಚೆಂದ. ಆದರೆ ಏಳು ದಿನ ಹೀಗೆ ಬದುಕುವಾಗ ದೇಹ ಏನೇನು ಕೇಳುತ್ತದೆ? ಇಂಥ ಸವಾರಿಯಲ್ಲಿ ಏರುದಾರಿ ದಣಿಸುತ್ತದೆ ನಿಜ. ಆದರೆ ಬಹಳ ಸಲ ಜನರನ್ನು ಅರ್ಧಕ್ಕೆ ನಿಲ್ಲಿಸುವುದು ಸಣ್ಣ ಸಣ್ಣ ಅಲಕ್ಷ್ಯಗಳು.

ನೀರು ಮತ್ತು ಉಪ್ಪು

ಬಾಯಾರಿಕೆಯಾದಾಗ ಕುಡಿದರಾಯಿತು ಎಂಬುದು ಮನೆಯಲ್ಲಿ ಕುಳಿತವರಿಗೆ ಸರಿ. ಬಿಸಿಲಲ್ಲಿ ಗಂಟೆಗಟ್ಟಲೆ ಸೈಕಲ್ ತುಳಿಯುವವರ ಬೆವರನ್ನು ಗಾಳಿ ಆಗಲೇ ಒಣಗಿಸಿಬಿಡುತ್ತದೆ. ಎಷ್ಟು ನೀರು ಹೋಯಿತೆಂದು ಅವರಿಗೇ ತಿಳಿಯುವುದಿಲ್ಲ. ಸಾಮಾನ್ಯವಾಗಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕಾಗುತ್ತದೆ. ಒಂದೇ ಸಲ ಗಟಗಟ ಕುಡಿಯದೆ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯುವುದು ಒಳ್ಳೆಯದು.

ಸಾಕಷ್ಟು ಕುಡಿದಿದ್ದೇವೆಯೇ ಎಂದು ತಿಳಿಯಲು ಯಂತ್ರ ಬೇಡ. ಮೂತ್ರ ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿಯಾಗಿದ್ದರೆ, ಅಥವಾ ನಾಲ್ಕೈದು ಗಂಟೆ ಮೂತ್ರವೇ ಬರದಿದ್ದರೆ ನೀರು ಸಾಲದು ಎಂದು ಅರ್ಥ. ತಲೆನೋವು, ತಲೆಸುತ್ತು, ಸಿಡುಕು ಕೂಡ ಸೂಚನೆಗಳೇ.

ಬರೀ ನೀರನ್ನು ಮಿತಿಮೀರಿ ಕುಡಿಯುವುದೂ ಅಪಾಯ. ಬೆವರಿನ ಜೊತೆ ಉಪ್ಪು ಹೋಗುತ್ತದೆ. ಉಪ್ಪು ತುಂಬದೆ ಬರೀ ನೀರು ತುಂಬಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಆಗ ವಾಕರಿಕೆ, ಬೆರಳು ಊದುವುದು, ಗೊಂದಲ, ಮುಂದುವರಿದರೆ ಫಿಟ್ಸ್ ಕೂಡ ಬರಬಹುದು. ಆದ್ದರಿಂದಲೇ ದೀರ್ಘ ಸವಾರಿಗಳಲ್ಲಿ ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಉಪ್ಪು ಸಕ್ಕರೆ ಇರುವ ಪಾನೀಯ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಾದರೆ ಓಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ ಇವೆ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿದರೆ ಆಯಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಬೇಕು.

ಊಟದ ವಿಷಯವೂ ಹೀಗೆಯೇ. ಹಸಿವಾಗುವವರೆಗೆ ಕಾದರೆ ತಡವಾಗುತ್ತದೆ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಮುಗಿದಾಗ ಕೈಕಾಲು ಬಿದ್ದುಹೋದಂತಾಗಿ ಸವಾರರು ಅಲ್ಲೇ ಕುಳಿತುಬಿಡುತ್ತಾರೆ. ಗಂಟೆಗೊಮ್ಮೆ ಒಂದು ಬಾಳೆಹಣ್ಣು, ನಾಲ್ಕು ಖರ್ಜೂರ, ಒಂದು ತುಂಡು ಬ್ರೆಡ್ಡು ಹೊಟ್ಟೆಗೆ ಬೀಳುತ್ತಿರಬೇಕು. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಸಕ್ಕರೆ ಸಾಕು. ಎಣ್ಣೆಯಲ್ಲಿ ಕರಿದದ್ದು, ಹೊಸ ಬಗೆಯ ತಿಂಡಿ ಆ ದಿನಗಳಲ್ಲಿ ಬೇಡ.

ಸೀಟಿನ ಹುಣ್ಣು: ಹೇಳಲು ನಾಚುವ ಕಾಯಿಲೆ

ದೂರದ ಸವಾರರಲ್ಲಿ ಬಹುತೇಕರನ್ನು ಒಮ್ಮೆಯಾದರೂ ಕಾಡುವುದು ಸೀಟಿನ ಹುಣ್ಣು. ದಿನಕ್ಕೆ ಏಳೆಂಟು ಗಂಟೆ ಸೀಟಿನ ಮೇಲೆ ಕುಳಿತಾಗ ತೊಡೆಸಂದು ಮತ್ತು ಪೃಷ್ಠದ ಚರ್ಮಕ್ಕೆ ಒತ್ತಡ, ಉಜ್ಜಾಟ, ಬೆವರು ಮೂರೂ ಸೇರುತ್ತವೆ. ಚರ್ಮ ಮೊದಲು ಕೆಂಪಾಗುತ್ತದೆ, ನಂತರ ತರಚುತ್ತದೆ, ರೋಮದ ಬುಡಕ್ಕೆ ಬ್ಯಾಕ್ಟೀರಿಯಾ ಸೇರಿ ಗುಳ್ಳೆಯಾಗುತ್ತದೆ, ಕೀವು ತುಂಬುತ್ತದೆ. ನಾಚಿಕೆಯಿಂದ ಮೊದಲ ದಿನ ಹೇಳದವರು ಮೂರನೇ ದಿನ ಕೂರಲಾರದೆ ವ್ಯಾನು ಹತ್ತುತ್ತಾರೆ.

ತಡೆಯುವ ದಾರಿ ಬಹಳ ಸರಳ. ಸೈಕಲ್ ಸವಾರಿಗೆಂದೇ ಹೊಲಿದ, ಒಳಗೆ ಮೆತ್ತೆ ಇರುವ ಚಡ್ಡಿ ಹಾಕುತ್ತಾರೆ. ಬೇಕಾದವರು ಅದರ ಮೇಲೆ ಸಡಿಲವಾದ ಉದ್ದ ಪ್ಯಾಂಟು ಧರಿಸಬಹುದು. ಆ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬಾರದು, ಅದರ ಹೊಲಿಗೆಯೇ ಚರ್ಮವನ್ನು ಕೊರೆಯುತ್ತದೆ. ದಿನಕ್ಕೊಂದು ಒಗೆದ ಚಡ್ಡಿ ಬೇಕು. ನಿನ್ನೆಯದನ್ನು ಕೊಡವಿ ಇಂದು ಹಾಕುವಂತಿಲ್ಲ. ಉಜ್ಜಾಟ ತಪ್ಪಿಸಲು ಹೊರಡುವ ಮುನ್ನ ಚರ್ಮಕ್ಕೆ ಕ್ರೀಮು ಹಚ್ಚುತ್ತಾರೆ. ಇಲ್ಲಿ ಸವಾರರ ನಡುವೆ ಒಂದು ನಿಯಮವಿದೆ: ಮೈಗೆ ಹಚ್ಚಿದ ಬೆರಳನ್ನು ಮತ್ತೆ ಡಬ್ಬಿಗೆ ಅದ್ದಬಾರದು. ಒಬ್ಬರ ಬೆರಳಿನ ಕೊಳೆ ಡಬ್ಬಿಯ ಮೂಲಕ ಹತ್ತು ಜನರ ಚರ್ಮ ಸೇರದಿರಲಿ ಎಂದು.

ಸಂಜೆ ತಲುಪಿದ ಕೂಡಲೇ, ಹರಟೆಗೆ ಕೂರುವ ಮೊದಲು, ಆ ಬಟ್ಟೆ ಕಳಚಬೇಕು. ಸೋಪು ಹಚ್ಚಿ ಮಿಂದು, ಚೆನ್ನಾಗಿ ಒರೆಸಿ, ಸಡಿಲವಾದ ಹತ್ತಿ ಬಟ್ಟೆ ಹಾಕಬೇಕು. ಒದ್ದೆ ಬಟ್ಟೆಯಲ್ಲೇ ಕುಳಿತರೆ ಹುಳುಕಡ್ಡಿಯ ಶಿಲೀಂಧ್ರಕ್ಕೆ ನಾವೇ ಮನೆ ಕಟ್ಟಿಕೊಟ್ಟಂತೆ. ನಮ್ಮ ಕರಾವಳಿಯ ಸೆಕೆಯಲ್ಲಿ ಇದು ಇನ್ನೂ ಬೇಗ ಹಬ್ಬುತ್ತದೆ. ಸಿಕ್ಕಿದ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ತುರಿಕೆ ಎರಡು ದಿನ ಅಡಗಿ, ಬೇನೆ ಒಳಗೊಳಗೇ ಹರಡುತ್ತದೆ. ಗುಳ್ಳೆಯನ್ನು ಹಿಂಡಬಾರದು. ಜ್ವರ ಬಂದರೆ, ಗಂಟು ಬಿಸಿಯಾಗಿ ದೊಡ್ಡದಾಗುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಕೈ, ಮೊಣಕಾಲು, ಬಿಸಿಲು

ಹ್ಯಾಂಡಲ್ ಮೇಲೆ ಗಂಟೆಗಟ್ಟಲೆ ಭಾರ ಹಾಕಿದರೆ ಅಂಗೈಯ ನರ ಒತ್ತಿಹೋಗಿ ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತವೆ. ಮೆತ್ತನೆಯ ಕೈಗವಸು ಹಾಕಿ, ಆಗಾಗ ಹಿಡಿತ ಬದಲಿಸಬೇಕು. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರಬಹುದು, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿರಬಹುದು. ಪೆಡಲ್ ಕೆಳಕ್ಕೆ ಹೋದಾಗ ಮೊಣಕಾಲು ಸ್ವಲ್ಪವೇ ಬಾಗಿರಬೇಕು. ಭಾರದ ಗೇರಿನಲ್ಲಿ ಹೆಣಗುವುದಕ್ಕಿಂತ ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯುವುದು ಮೊಣಕಾಲಿಗೆ ಹಿತ.

ಬಿಸಿಲಿಗೆ ಮೈ ಮುಚ್ಚುವ ತೆಳು ಬಟ್ಟೆ, ತೆರೆದ ಭಾಗಕ್ಕೆ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದು. ಕತ್ತಿನ ಹಿಂಭಾಗ, ಕಿವಿ, ತುಟಿ ಮರೆಯಬಾರದು. ಸವಾರರೊಬ್ಬರು ತಡವರಿಸಿ ಮಾತನಾಡುತ್ತಿದ್ದರೆ, ಮೈ ಸುಡುತ್ತಿದ್ದರೆ ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ತಣ್ಣೀರು ಸುರಿದು ಗಾಳಿ ಹಾಕುತ್ತಾ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಹೆಣ್ಣುಮಕ್ಕಳು ಇನ್ನೊಂದು ವಿಷಯ ಗಮನಿಸಬೇಕು. ದಾರಿಯಲ್ಲಿ ಶೌಚಾಲಯ ಸಿಗದು ಎಂದು ನೀರು ಕುಡಿಯದೆ ಇರುವುದು, ಬಂದ ಮೂತ್ರವನ್ನು ತಡೆಹಿಡಿಯುವುದು ನಮ್ಮಲ್ಲಿ ಸಾಮಾನ್ಯ. ಸೈಕಲ್ ಬೇಡ, ಬಸ್ ಪ್ರಯಾಣದಲ್ಲೂ ಇದೇ ಕತೆ. ಮೂತ್ರನಾಳದ ಸೋಂಕಿಗೆ ಇದು ನೇರ ದಾರಿ. ಎಲ್ಲಿ ನಿಲ್ಲುತ್ತೇವೆ, ಅಲ್ಲಿ ಶೌಚಾಲಯ ಇದೆಯೇ ಎಂದು ಹೊರಡುವ ಮೊದಲೇ ತಂಡದವರು ನಿಶ್ಚಯಿಸಬೇಕು. ಮುಟ್ಟಿನ ದಿನಗಳಲ್ಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡು ಬದಲಿಸಲು, ಬಳಸಿದ್ದನ್ನು ಸುತ್ತಿ ಹಾಕಲು ಮುಚ್ಚಳದ ಡಬ್ಬಿ ಇರಲು ವ್ಯವಸ್ಥೆ ಬೇಕು. ಇದನ್ನು ಕೇಳಲು ಸಂಕೋಚ ಬೇಡ. ಯೋಜಿಸುವವರು ಕೇಳುವ ಮೊದಲೇ ಮಾಡಿರಬೇಕು.

ಶಿಬಿರದ ನಿಜವಾದ ಶತ್ರು

ಈಗ ನಾವು ಶುರು ಮಾಡಿದಲ್ಲಿಗೆ ಬರೋಣ. ಎರಡೂವರೆ ಸಾವಿರ ಜನ ಒಂದೇ ಬಯಲಿನಲ್ಲಿ ಉಂಡು, ಮಲಗಿ, ಶೌಚ ಮಾಡುವಾಗ ವೈದ್ಯರು ಯಾವುದಕ್ಕೆ ಹೆದರುತ್ತಾರೆ? ವಾಂತಿ ಭೇದಿಗೆ. ಇಂಥ ಸಾಮೂಹಿಕ ವಾಸದಲ್ಲಿ ನೊರೊವೈರಸ್ ಎಂಬ ಸೂಕ್ಷ್ಮಾಣು ಬಹಳ ಕುಖ್ಯಾತ. ರೋಗಿಯ ಮಲ ಮತ್ತು ವಾಂತಿಯಲ್ಲಿ ಅದು ಕೋಟಿಗಟ್ಟಲೆ ಇರುತ್ತದೆ. ಇನ್ನೊಬ್ಬರು ಕಾಯಿಲೆ ಬೀಳಲು ಕೆಲವೇ ಕಣಗಳು ಸಾಕು. ಶೌಚಾಲಯದ ಚಿಲಕ, ನೀರಿನ ಡ್ರಮ್ಮಿನ ನಲ್ಲಿ, ಬಡಿಸುವ ಸೌಟಿನ ಹಿಡಿ, ಕತ್ತರಿಸಿದ ಹಣ್ಣು ಹೀಗೆ ಕೈಯಿಂದ ಕೈಗೆ, ಕೈಯಿಂದ ಬಾಯಿಗೆ ಸಾಗುತ್ತದೆ. ಒಂದೆರಡು ದಿನಗಳಲ್ಲಿ ಶಿಬಿರದ ಅರ್ಧ ಜನ ಮಲಗಿಬಿಡಬಹುದು.

ಇಲ್ಲಿ ಒಂದು ಮುಖ್ಯ ಸಂಗತಿ. ಕೋವಿಡ್ ನಂತರ ನಾವೆಲ್ಲ ಸ್ಯಾನಿಟೈಸರ್ ಬಾಟಲಿಯನ್ನು ನಂಬಿದ್ದೇವೆ. ಆದರೆ ನೊರೊವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಬೇಕಾದದ್ದು ಸೋಪು, ಹರಿಯುವ ನೀರು, ಇಪ್ಪತ್ತು ಸೆಕೆಂಡು. ಬೆರಳ ಸಂದಿ, ಉಗುರಿನ ಬುಡ, ಹೆಬ್ಬೆರಳು, ಕೈಯ ಹಿಂಭಾಗ ಎಲ್ಲವನ್ನೂ ಉಜ್ಜಬೇಕು. ಬಕೆಟ್ಟಿನಲ್ಲಿ ನಿಂತ ನೀರಿಗೆ ಹತ್ತು ಜನ ಕೈ ಅದ್ದಿದರೆ ತೊಳೆದಂತಾಗುವುದಿಲ್ಲ, ಹಂಚಿಕೊಂಡಂತಾಗುತ್ತದೆ. ಮಗ್ಗಿನಿಂದ ಸುರಿದುಕೊಂಡರೂ ಸರಿ, ನೀರು ಹರಿದುಹೋಗಬೇಕು. ಭೇದಿಯಾದವರು ಅಡುಗೆ ಬಡಿಸುವ ಕೆಲಸಕ್ಕೆ ಬರಬಾರದು. ವಾಸಿಯಾದ ಮೇಲೂ ಎರಡು ದಿನ ದೂರವಿರಬೇಕು. ಬಾಟಲಿ ಹಂಚಿಕೊಳ್ಳುವಂತಿಲ್ಲ. ಬಾಟಲಿಯ ಮುಚ್ಚಳಕ್ಕೆ ರಸ್ತೆಯ ಕೆಸರು ಸಿಡಿದಿರುತ್ತದೆ, ದಿನವೂ ತೊಳೆಯಬೇಕು.

ಇಷ್ಟೆಲ್ಲ ನಿಯಮಗಳಲ್ಲಿ ಒಂದು ನಿಯಮ ಇರಲಿಲ್ಲ ಎಂಬುದನ್ನು ಗಮನಿಸಿ. ಎಚ್‌ಐವಿ ಇರುವವರಿಗೆ ಬೇರೆ ತಟ್ಟೆ ಇರಲಿಲ್ಲ. ಬೇರೆ ಗುಡಾರ, ಬೇರೆ ಶೌಚಾಲಯ, ಬೇರೆ ಸ್ನಾನದ ಕೋಣೆಯೂ ಇರಲಿಲ್ಲ. ಎಚ್‌ಐವಿ ಇರುವ ಸವಾರರು ಪಾಸಿಟಿವ್ ಪೆಡಲರ್ಸ್ ಎಂಬ ಹೆಸರಿನ ತಂಡ ಕಟ್ಟಿಕೊಂಡು, ತಮ್ಮ ಗುರುತು ಮುಚ್ಚಿಡದೆ ಎಲ್ಲರ ನಡುವೆ ಸೈಕಲ್ ತುಳಿಯುತ್ತಿದ್ದರು. ಕಳಂಕ ಅಳಿಸುವುದೇ ಅವರ ಉದ್ದೇಶವಾಗಿತ್ತು.

ಬೇರೆ ತಟ್ಟೆ ಏಕೆ ಬೇಡ?

ಎಚ್‌ಐವಿ ದೇಹದ ಹೊರಗೆ ಬಹಳ ದುರ್ಬಲ. ಬೆವರು, ಕಣ್ಣೀರು, ಎಂಜಲಿನಿಂದ ಅದು ಹರಡುವುದಿಲ್ಲ. ಊಟ, ನೀರು, ಬಟ್ಟೆ, ಹಾಸಿಗೆ, ಶೌಚಾಲಯದ ಮೂಲಕ ಬರುವುದಿಲ್ಲ. ಕೈಕುಲುಕಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ಅದು ಹರಡುವ ದಾರಿಗಳು ಎಣಿಸಿದಷ್ಟೇ: ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಬಳಸಿದ ಸೂಜಿ ಸಿರಿಂಜು, ಮತ್ತು ಚಿಕಿತ್ಸೆ ಪಡೆಯದ ತಾಯಿಯಿಂದ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ ಮಗುವಿಗೆ.

ಸವಾರಿಯಲ್ಲಿ ಬಿದ್ದು ಮೊಣಕೈ ತರಚಿ ರಕ್ತ ಬಂದರೆ? ಪ್ರಥಮ ಚಿಕಿತ್ಸೆ ಮಾಡುವವರು ಗವಸು ಹಾಕಿಕೊಳ್ಳುತ್ತಾರೆ. ಆದರೆ ಯಾರ ರಕ್ತ ಎಂದು ಕೇಳಿ ಹಾಕುವುದಲ್ಲ. ಎಲ್ಲರ ರಕ್ತಕ್ಕೂ ಒಂದೇ ಎಚ್ಚರಿಕೆ. ಹೆಪಟೈಟಿಸ್ ಬಿ, ಸಿ ಕೂಡ ರಕ್ತದಿಂದಲೇ ಬರುವುದರಿಂದ ಇದೇ ಸರಿಯಾದ ಕ್ರಮ. ರೇಜರ್, ಹಲ್ಲುಜ್ಜುವ ಬ್ರಷ್, ಸೂಜಿ ಯಾರೊಂದಿಗೂ ಹಂಚಿಕೊಳ್ಳಬಾರದು. ಎಚ್‌ಐವಿ ಇರಲಿ, ಇಲ್ಲದಿರಲಿ.

ಇನ್ನೊಂದು ಮಾತು ಹಲವರಿಗೆ ತಿಳಿದಿಲ್ಲ. 1996ರಿಂದ ಈಚೆಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಈ ರೋಗದ ಕತೆಯನ್ನೇ ಬದಲಿಸಿದೆ. ದಿನವೂ ತಪ್ಪದೆ ಮಾತ್ರೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಆ ಸ್ಥಿತಿ ಉಳಿಸಿಕೊಂಡವರಿಂದ ಬಾಳಸಂಗಾತಿಗೆ ಲೈಂಗಿಕ ಸಂಪರ್ಕದ ಮೂಲಕವೂ ಸೋಂಕು ಹರಡುವುದಿಲ್ಲ. ಗರ್ಭಿಣಿಗೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇಕಡಾ ಎರಡಕ್ಕಿಂತ ಕೆಳಗಿಳಿಯುತ್ತದೆ. ಒಂದು ಕಾಲದಲ್ಲಿ ಹಾಸಿಗೆ ಬಿಟ್ಟೇಳಲಾರದೆ ಸಾಯುತ್ತಿದ್ದ ರೋಗದವರು ದಿನಕ್ಕೆ ನೂರು ಕಿಲೋಮೀಟರ್ ಸೈಕಲ್ ತುಳಿದದ್ದು ಪವಾಡದಿಂದಲ್ಲ, ಮಾತ್ರೆಯಿಂದ.

ನಮ್ಮ ಊರಿನಲ್ಲಿ

ಈ ಮಾತ್ರೆ ಇಲ್ಲೂ ಇದೆ. ಭಾರತ ಸರಕಾರ 2004ರ ಏಪ್ರಿಲ್ 1ರಿಂದ ಎಚ್‌ಐವಿ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ. ಎಆರ್‌ಟಿ ಕೇಂದ್ರಗಳಲ್ಲಿ ಔಷಧ ಸಿಗುತ್ತದೆ. ಸರಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷೆ ಉಚಿತ. ಮಾಹಿತಿಗೆ 1097 ಎಂಬ ಉಚಿತ ಸಹಾಯವಾಣಿ ಇದೆ. 2017ರಲ್ಲಿ ಬಂದು 2018ರ ಸೆಪ್ಟೆಂಬರಿನಲ್ಲಿ ಜಾರಿಯಾದ ಕಾನೂನಿನ ಪ್ರಕಾರ ಎಚ್‌ಐವಿ ಇದೆ ಎಂಬ ಕಾರಣಕ್ಕೆ ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ ನಿರಾಕರಿಸುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ವಿಷಯ ಹೊರಗೆ ಹೇಳುವಂತಿಲ್ಲ.

ಮದ್ದು ಇದ್ದೂ ಜನ ಯಾಕೆ ತಡವಾಗಿ ಬರುತ್ತಾರೆ? ತಟ್ಟೆ ಬೇರೆಯಾಗುತ್ತದೆ ಎಂಬ ಭಯಕ್ಕೆ. ಪರೀಕ್ಷೆಗೆ ಹೋದರೆ ಊರಿಗೆ ಗೊತ್ತಾಗುತ್ತದೆ, ಮಾತ್ರೆ ಡಬ್ಬಿ ಕಂಡರೆ ಮನೆಯವರು ಕೇಳುತ್ತಾರೆ ಎಂದು ಅಡಗಿಸಿಟ್ಟು, ಡೋಸು ತಪ್ಪಿಸುವವರಿದ್ದಾರೆ. ಡೋಸು ತಪ್ಪಿದರೆ ವೈರಸ್ ಮತ್ತೆ ಏಳುತ್ತದೆ, ಔಷಧಕ್ಕೆ ಬಗ್ಗದ ಶಕ್ತಿ ಪಡೆಯುತ್ತದೆ. ಅಂದರೆ ಬೇರೆ ಮಾಡಿದ ತಟ್ಟೆ ಯಾರನ್ನೂ ರಕ್ಷಿಸುವುದಿಲ್ಲ. ಅದು ಕಾಯಿಲೆಯವರನ್ನು ಚಿಕಿತ್ಸೆಯಿಂದ ದೂರ ಮಾಡಿ, ಸೋಂಕು ಇನ್ನೊಬ್ಬರಿಗೆ ಹರಡಲು ದಾರಿ ಮಾಡಿಕೊಡುತ್ತದೆ.

ನಮ್ಮಲ್ಲೂ ಸಾಮೂಹಿಕ ಪ್ರಯಾಣಗಳಿವೆ. ಶಾಲಾ ಮಕ್ಕಳ ಸೈಕಲ್ ಜಾಥಾ, ಯುವಕ ಸಂಘದ ಪ್ರವಾಸ, ರಕ್ತದಾನ ಶಿಬಿರ, ನೆರೆ ಬಂದಾಗಿನ ಪರಿಹಾರ ಕೇಂದ್ರ, ಮದುವೆ ಮನೆ. ಮುಂದಿನ ಸಲ ಇಂಥದ್ದನ್ನು ಏರ್ಪಡಿಸುವಾಗ ಇಷ್ಟು ನೆನಪಿಡಿ:

* ಶೌಚಾಲಯದ ಪಕ್ಕದಲ್ಲೇ ನೀರು ಮತ್ತು ಸೋಪು ಇರಲಿ. ಊಟದ ಜಾಗದ ಬಾಗಿಲಲ್ಲಿ ಇನ್ನೊಂದು ಸೋಪು.
* ಕುಡಿಯುವ ನೀರಿಗೆ ನಲ್ಲಿಯಿರುವ ಡ್ರಮ್ಮು; ಲೋಟ ಅದ್ದುವ ಪದ್ಧತಿ ಬೇಡ.
* ಹೊಟ್ಟೆ ಕೆಟ್ಟವರು, ಕೈಯಲ್ಲಿ ಕೀವಿನ ಗಾಯವಿರುವವರು ಬಡಿಸುವುದು ಬೇಡ.
* ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಗವಸು, ಓಆರ್‌ಎಸ್, ಬ್ಯಾಂಡೇಜು, ಸ್ಯಾನಿಟರಿ ಪ್ಯಾಡು ಇರಲಿ.
* ದಿನವೂ ಮಾತ್ರೆ ನುಂಗುವವರಿಗೆ ಹೊತ್ತಿಗೆ ಸರಿಯಾಗಿ ಊಟ, ನೀರು ಸಿಗಲಿ. ಯಾವ ಮಾತ್ರೆ, ಯಾಕೆ ಎಂದು ಕೆದಕುವುದು ಬೇಡ.
* ಯಾರಿಗೂ ಬೇರೆ ತಟ್ಟೆ ಬೇಡ.

ನಮ್ಮ ಮದುವೆ ಮನೆಗಳಲ್ಲಿ ನಾಲ್ಕಾರು ಮಂದಿ ಸುತ್ತ ಕುಳಿತು ಒಂದೇ ಹರಿವಾಣದಿಂದ ಉಣ್ಣುವ ರೂಢಿ ಇನ್ನೂ ಇದೆ. ಎಚ್‌ಐವಿ ಇರುವ ಅಣ್ಣನೋ ಅಕ್ಕನೋ ಆ ಸುತ್ತಿನಲ್ಲಿ ಕುಳಿತರೆ ಉಳಿದವರಿಗೆ ಯಾವ ಅಪಾಯವೂ ಇಲ್ಲ. ಕೈ ತೊಳೆಯದವರು ಕುಳಿತರೆ ಇದೆ. ಅವರು ಯಾರೇ ಆಗಿರಲಿ, ನಾವೇ ಆಗಿರಲಿ. ಹಾಗಾಗಿ ಊಟಕ್ಕೆ ಕೂರುವ ಮೊದಲು ಪಕ್ಕದವರ ಕಾಯಿಲೆ ಯಾವುದೆಂದು ಯೋಚಿಸಬೇಡಿ. ಎದ್ದು ಹೋಗಿ ಕೈಗೆ ಸೋಪು ಹಾಕಿ ಬನ್ನಿ. ನಂತರ ಅವರ ಪಕ್ಕದಲ್ಲೇ ಕುಳಿತುಕೊಳ್ಳಿ.